ಮಕ್ಕಳ ಆಹಾರ ಅಲರ್ಜಿ: ಪಥ್ಯಕ್ಕೆ ಮೊದಲು ಬೇಕು ಖಚಿತ ಪತ್ತೆ

ದೇವನೂರು (ಮೈಸೂರು ಜಿಲ್ಲೆ): ನಂಜನಗೂಡು, ತಿ. ನರಸೀಪುರ ಸೀಮೆಯ ಮನೆಗಳಲ್ಲಿ ‘ನಂಜು’ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಮಗುವಿನ ಮೈಮೇಲೆ ಕಜ್ಜಿ ಎದ್ದರೆ, ತುರಿಕೆ ಕಾಣಿಸಿಕೊಂಡರೆ, ಗಾಯ ಬೇಗ ಮಾಯದಿದ್ದರೆ ಹಿರಿಯರ ಮೊದಲ ಎಚ್ಚರಿಕೆ ಊಟದ ಬಗ್ಗೆಯೇ ಇರುತ್ತದೆ. ಬದನೆಕಾಯಿ ಬೇಡ, ಕಡಲೆಕಾಯಿ ಬೇಡ, ಒಣಮೀನು ಬೇಡ, ಅದೆಲ್ಲ ನಂಜು ಎಂಬುದು ಅವರ ನಂಬಿಕೆ. ನಗರಗಳಲ್ಲಿ ಇದೇ ನಂಬಿಕೆ ಪ್ರಯೋಗಾಲಯದ ವರದಿಯ ರೂಪ ತಾಳಿದೆ. ರಕ್ತ ಪರೀಕ್ಷೆಯ ಹಾಳೆಯಲ್ಲಿ ಹತ್ತಾರು ಪದಾರ್ಥಗಳ ಮುಂದೆ ‘ಪಾಸಿಟಿವ್’ ಎಂದು ಬಂದದ್ದೇ ತಡ, ಹಾಲು, ಮೊಟ್ಟೆ, ಗೋಧಿ, ಬೇಳೆ ಎಲ್ಲವೂ ಮಗುವಿನ ತಟ್ಟೆಯಿಂದ ಮರೆಯಾಗುತ್ತವೆ.

ಇವೆರಡೂ ಕಡೆ ನಷ್ಟ ಮಗುವಿನದೇ. ಇಲ್ಲದ ಅಲರ್ಜಿಗೆ ಪಥ್ಯ ಹಿಡಿದ ಮಗು ಪೌಷ್ಟಿಕಾಂಶ ಕಳೆದುಕೊಳ್ಳುತ್ತದೆ. ನಿಜವಾಗಿ ಅಲರ್ಜಿ ಇರುವ ಮಗು, ಅದನ್ನು ‘ಪಿತ್ತ’ವೆಂದು ಕಡೆಗಣಿಸಿದರೆ, ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯಕ್ಕೆ ಸಿಲುಕಬಹುದು. ಕಳೆದ ಒಂದು ದಶಕದಲ್ಲಿ ಈ ಕಾಯಿಲೆಯ ಚಿಕಿತ್ಸೆಯಲ್ಲಿ ದೊಡ್ಡ ಬದಲಾವಣೆಗಳಾಗಿವೆ. ಆದರೆ ಯಾವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು, ಮಗುವಿಗೆ ಇರುವುದು ಅಲರ್ಜಿಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು.

ಅಲರ್ಜಿ ಎಂದರೇನು?

ನಮ್ಮ ದೇಹದ ರಕ್ಷಣಾ ವ್ಯವಸ್ಥೆಯ ಕೆಲಸ ರೋಗಾಣುಗಳನ್ನು ಗುರುತಿಸಿ ಹೊಡೆದೋಡಿಸುವುದು. ಕೆಲವು ಮಕ್ಕಳಲ್ಲಿ ಈ ವ್ಯವಸ್ಥೆಯು ಹಾಲು, ಮೊಟ್ಟೆ ಅಥವಾ ಕಡಲೆಕಾಯಿಯಲ್ಲಿರುವ ನಿರಪಾಯಕಾರಿ ಪ್ರೋಟೀನನ್ನೇ ಶತ್ರುವೆಂದು ತಪ್ಪಾಗಿ ತಿಳಿಯುತ್ತದೆ. ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯ ಸಿದ್ಧವಾಗುತ್ತದೆ. ಮುಂದೆ ಅದೇ ಆಹಾರ ಹೊಟ್ಟೆಗೆ ಹೋದಾಗ ಹಿಸ್ಟಮಿನ್ ಮುಂತಾದ ರಾಸಾಯನಿಕಗಳು ಒಮ್ಮೆಲೇ ಬಿಡುಗಡೆಯಾಗುತ್ತವೆ. ತುಟಿ, ಕಣ್ಣುರೆಪ್ಪೆ ಊದಿಕೊಳ್ಳುವುದು, ಮೈತುಂಬ ದದ್ದು ಏಳುವುದು, ವಾಂತಿ, ಕೆಮ್ಮು, ಉಬ್ಬಸ ಇದರ ಲಕ್ಷಣಗಳು. ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಇವು ಕಾಣಿಸಿಕೊಳ್ಳುತ್ತವೆ. ಅದೇ ಆಹಾರವನ್ನು ಮತ್ತೆ ತಿಂದಾಗ ಮತ್ತೆ ಕಾಣಿಸಿಕೊಳ್ಳುವುದು ಮುಖ್ಯ ಸುಳಿವು.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವುದೆಲ್ಲ ಅಲರ್ಜಿಯಲ್ಲ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಜೀರ್ಣಿಸಿಕೊಳ್ಳುವ ಕಿಣ್ವದ ಕೊರತೆಯಿಂದಲೂ ಹೀಗಾಗುತ್ತದೆ. ಅದು ಕಿರಿಕಿರಿಯೇ ಹೊರತು ಜೀವಕ್ಕೆ ಅಪಾಯವಲ್ಲ. ಅಂಥವರಲ್ಲಿ ಅನೇಕರು ಮೊಸರು, ಮಜ್ಜಿಗೆಯನ್ನು ತೊಂದರೆಯಿಲ್ಲದೆ ಸೇವಿಸಬಲ್ಲರು. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವ ಮಗುವಿಗೆ ಮಾತ್ರ ಒಂದು ಚಮಚ ಮೊಸರೂ ಅಪಾಯ ತರಬಹುದು.

ಇನ್ನೊಂದು ಬಗೆಯ ಅಲರ್ಜಿಯಲ್ಲಿ ಐಜಿಇ ಪಾತ್ರವಿರುವುದಿಲ್ಲ. ಎಳೆಯ ಶಿಶುಗಳಲ್ಲಿ ಹಾಲು ಕುಡಿದ ಹಲವು ಗಂಟೆಗಳ ನಂತರ ಪದೇ ಪದೇ ವಾಂತಿಯಾಗುವುದು, ಮಲದಲ್ಲಿ ರಕ್ತ ಕಾಣಿಸಿಕೊಳ್ಳುವುದು ಈ ಗುಂಪಿಗೆ ಸೇರುತ್ತದೆ. ರಕ್ತ ಅಥವಾ ಚರ್ಮದ ಪರೀಕ್ಷೆಯಲ್ಲಿ ಇದು ಪತ್ತೆಯಾಗುವುದಿಲ್ಲ.

ಮೈಸೂರಿನ ಅಧ್ಯಯನಗಳು ಹೇಳುವುದೇನು?

ಈ ವಿಷಯದಲ್ಲಿ ದೇಶದ ಅತಿ ಮುಖ್ಯ ಅಂಕಿಅಂಶಗಳು ಕರ್ನಾಟಕದಿಂದಲೇ ಬಂದಿವೆ. ಐರೋಪ್ಯ ಒಕ್ಕೂಟದ ನೆರವಿನ ‘ಯೂರೋಪ್ರಿವಾಲ್’ ಯೋಜನೆಯಡಿ ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಹ ಸಂಶೋಧಕರು ರಾಜ್ಯದ 11,791 ವಯಸ್ಕರನ್ನು ಪ್ರಶ್ನಾವಳಿಯ ಮೂಲಕ ಸಮೀಕ್ಷೆಗೆ ಒಳಪಡಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಶೇ 26.5 ಮಂದಿಯ ರಕ್ತದಲ್ಲಿ ಒಂದಲ್ಲ ಒಂದು ಆಹಾರದ ವಿರುದ್ಧ ಐಜಿಇ ಪ್ರತಿಕಾಯ ಇರುವುದಾಗಿ ಅಂದಾಜಿಸಲಾಯಿತು. ಆದರೆ ಆಹಾರ ಅಲರ್ಜಿ ಇರುವ ಸಾಧ್ಯತೆ ಕಂಡುಬಂದದ್ದು ಶೇ 1.2 ಮಂದಿಯಲ್ಲಿ ಮಾತ್ರ. ಅವುಗಳಲ್ಲಿ ಹಸುವಿನ ಹಾಲು ಮತ್ತು ಸೇಬು ಮುಂಚೂಣಿಯಲ್ಲಿದ್ದವು.

ಅದೇ ಯೋಜನೆಯ ಅಂಗವಾಗಿ ಚೀನಾ, ರಷ್ಯಾ ಮತ್ತು ಭಾರತದ 6ರಿಂದ 11 ವರ್ಷದ ಶಾಲಾ ಮಕ್ಕಳ ಬಗ್ಗೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಆಹಾರ ಅಲರ್ಜಿಯ ಸಾಧ್ಯತೆ ಹಾಂಗ್‌ಕಾಂಗ್‌ನಲ್ಲಿ ಶೇ 1.50, ರಷ್ಯಾದ ತೋಮ್‌ಸ್ಕ್‌ನಲ್ಲಿ ಶೇ 0.87 ಇದ್ದರೆ, ಭಾರತದ ಮಕ್ಕಳಲ್ಲಿ ಶೇ 0.14 ಇತ್ತು. ಅಂದರೆ ಸಾವಿರ ಮಕ್ಕಳಲ್ಲಿ ಒಬ್ಬರು ಅಥವಾ ಇಬ್ಬರು.

ಬದನೆಕಾಯಿಯ ‘ನಂಜಿ’ನ ವಿಷಯವೂ ವಿಜ್ಞಾನಿಗಳ ಗಮನಕ್ಕೆ ಬಂದಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ಜೆಎಸ್‌ಎಸ್ ಆಸ್ಪತ್ರೆಯ ಸಹಯೋಗದಲ್ಲಿ ಮೈಸೂರಿನ 741 ಜನರನ್ನು ಪರೀಕ್ಷಿಸಿ 2008ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಶೇ 9 ಮಂದಿಯಲ್ಲಿ ಬದನೆಗೆ ಸಂವೇದನೆ ಕಂಡುಬಂದರೂ ಐಜಿಇ ಮೂಲದ ಅಲರ್ಜಿ ಇದ್ದದ್ದು ಶೇ 0.8 ಮಂದಿಗೆ ಮಾತ್ರ. ಬದನೆಯಲ್ಲಿ ಸ್ವಾಭಾವಿಕವಾಗಿಯೇ ಹಿಸ್ಟಮಿನ್ ಅಂಶ ಇರುವುದರಿಂದ ಅಲರ್ಜಿ ಇಲ್ಲದವರ ಚರ್ಮದಲ್ಲೂ ಪರೀಕ್ಷೆಯ ವೇಳೆ ದದ್ದು ಏಳಬಹುದು. ಹಿರಿಯರ ಅನುಭವ ಪೂರ್ತಿ ಸುಳ್ಳಲ್ಲ. ಆದರೆ ಎಲ್ಲ ಮಕ್ಕಳಿಗೂ ಅದು ಅನ್ವಯಿಸುವುದಿಲ್ಲ.

ಈ ಅಂಕಿಗಳ ತಾತ್ಪರ್ಯ ಇಷ್ಟೆ: ಪರೀಕ್ಷೆಯಲ್ಲಿ ‘ಪಾಸಿಟಿವ್’ ಬರುವುದು ಸಾಮಾನ್ಯ, ನಿಜವಾದ ಅಲರ್ಜಿ ವಿರಳ.

ಪತ್ತೆ ಹೇಗೆ?

ಅಲರ್ಜಿ ಪತ್ತೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ವಿವರವಾದ ವಿಚಾರಣೆ. ಮಗು ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಿನ ನಂತರ ಏನಾಯಿತು, ಮೊದಲು ಅದೇ ಪದಾರ್ಥ ತಿಂದಾಗ ಏನಾಗಿತ್ತು ಎಂಬುದನ್ನು ವೈದ್ಯರು ಕೇಳಿ ತಿಳಿಯುತ್ತಾರೆ. ಪೋಷಕರು ಇದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ದದ್ದು ಎದ್ದಾಗ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟರೆ ಬಹಳ ಅನುಕೂಲ.

ಬಳಿಕ ಸಂಶಯವಿರುವ ಆಹಾರಕ್ಕೆ ಮಾತ್ರ ಚರ್ಮದ ಚುಚ್ಚು ಪರೀಕ್ಷೆ ಅಥವಾ ರಕ್ತದ ಐಜಿಇ ಪರೀಕ್ಷೆ ಮಾಡಿಸಲಾಗುತ್ತದೆ. ಯಾವ ಲಕ್ಷಣವೂ ಇಲ್ಲದೆ ನೂರಾರು ಪದಾರ್ಥಗಳಿಗೆ ಒಟ್ಟಿಗೆ ಪರೀಕ್ಷೆ ಮಾಡಿಸುವುದರಿಂದ ಗೊಂದಲವೇ ಹೆಚ್ಚು. ‘ಐಜಿಜಿ’ ಹೆಸರಿನ ಆಹಾರ ಪರೀಕ್ಷೆಗಳಂತೂ ಅಲರ್ಜಿ ಪತ್ತೆಗೆ ಉಪಯುಕ್ತವಲ್ಲ ಎಂಬುದು ಅಲರ್ಜಿ ತಜ್ಞರ ಅಂತರರಾಷ್ಟ್ರೀಯ ಸಂಘಟನೆಗಳ ಸ್ಪಷ್ಟ ನಿಲುವು. ಆ ಪ್ರತಿಕಾಯ ಒಂದು ಆಹಾರವನ್ನು ತಿಂದು ರೂಢಿಯಾಗಿದೆ ಎಂಬುದನ್ನು ಮಾತ್ರ ಸೂಚಿಸುತ್ತದೆ.

ವಿಚಾರಣೆ ಮತ್ತು ಪರೀಕ್ಷೆ ಎರಡರಿಂದಲೂ ಉತ್ತರ ಸಿಗದಿದ್ದಾಗ, ಆಸ್ಪತ್ರೆಯಲ್ಲಿ ವೈದ್ಯರ ಕಣ್ಗಾವಲಿನಲ್ಲಿ ಮಗುವಿಗೆ ಆ ಆಹಾರವನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಹಂತ ಹಂತವಾಗಿ ತಿನ್ನಿಸಿ ನೋಡಲಾಗುತ್ತದೆ. ಇದೇ ಅಂತಿಮ ಪರೀಕ್ಷೆ. ತುರ್ತು ಔಷಧಗಳು ಕೈಯಳತೆಯಲ್ಲಿರುವ ಕಡೆ ಮಾತ್ರ ಇದನ್ನು ಮಾಡಬೇಕು. ಮನೆಯಲ್ಲಿ ಈ ಪ್ರಯೋಗ ಸಲ್ಲದು.

ಮೊದಲ ಚಿಕಿತ್ಸೆ: ತ್ಯಜಿಸುವುದು, ಬದಲಿ ಕೊಡುವುದು

ಅಲರ್ಜಿ ಖಚಿತವಾದ ಮೇಲೆ ಆ ಆಹಾರವನ್ನು ಬಿಡುವುದು ಇಂದಿಗೂ ಚಿಕಿತ್ಸೆಯ ಆಧಾರ. ಬಿಡಿಸುವುದರಷ್ಟೇ ಮುಖ್ಯವಾದುದು ಅದರ ಜಾಗದಲ್ಲಿ ಏನು ಕೊಡಬೇಕು ಎಂಬುದು. ಇಲ್ಲಿ ಸಾಮಾನ್ಯವಾಗಿ ಆಗುವ ಕೆಲವು ತಪ್ಪುಗಳಿವೆ.

ಹಸುವಿನ ಹಾಲು ಒಗ್ಗದಿದ್ದರೆ ಎಮ್ಮೆ ಹಾಲು, ಮೇಕೆ ಹಾಲು ಕೊಡುವುದು ಹಳ್ಳಿಗಳಲ್ಲಿ ರೂಢಿ. ಇವುಗಳ ಪ್ರೋಟೀನುಗಳಲ್ಲಿ ಬಹಳ ಸಾಮ್ಯ ಇರುವುದರಿಂದ ಹಸುವಿನ ಹಾಲಿನ ಅಲರ್ಜಿ ಇರುವ ಬಹುಪಾಲು ಮಕ್ಕಳಿಗೆ ಇವೂ ಒಗ್ಗುವುದಿಲ್ಲ. ತುಪ್ಪದಲ್ಲೂ ಹಾಲಿನ ಪ್ರೋಟೀನು ಅಲ್ಪ ಪ್ರಮಾಣದಲ್ಲಿ ಉಳಿದಿರಬಹುದು. ಶಿಶುಗಳಿಗೆ ತಾಯಿಯ ಹಾಲನ್ನು ಮುಂದುವರಿಸಬೇಕು. ತಾಯಿ ಸೇವಿಸಿದ ಹಾಲಿನಿಂದಲೇ ಮಗುವಿಗೆ ತೊಂದರೆ ಎಂಬ ಬಲವಾದ ಸಂಶಯ ಇದ್ದರೆ ಮಾತ್ರ, ತಾಯಿ ಎರಡರಿಂದ ನಾಲ್ಕು ವಾರ ಹಾಲು ಬಿಟ್ಟು, ಮತ್ತೆ ಸೇವಿಸಿ ನೋಡಿ ಖಚಿತಪಡಿಸಿಕೊಳ್ಳಬೇಕು. ಡಬ್ಬಿ ಹಾಲು ಅನಿವಾರ್ಯವಾದ ಶಿಶುಗಳಿಗೆ ಪ್ರೋಟೀನನ್ನು ಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ ವಿಶೇಷ ಪುಡಿಗಳಿವೆ. ಇವು ದುಬಾರಿ. ಆರು ತಿಂಗಳು ತುಂಬಿದ ಮಕ್ಕಳಲ್ಲಿ ಸೋಯಾ ಆಧಾರಿತ ಪುಡಿಯನ್ನೂ ವೈದ್ಯರು ಸೂಚಿಸುವುದುಂಟು.

ಹಾಲು ಬಿಟ್ಟ ಮಗುವಿಗೆ ಕ್ಯಾಲ್ಸಿಯಂ ಎಲ್ಲಿಂದ ಎಂಬ ಪ್ರಶ್ನೆಗೆ ಹಳೆ ಮೈಸೂರು ಸೀಮೆಯಲ್ಲಿ ಉತ್ತರ ಮನೆಯಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಮೊಳಕೆ ಬರಿಸಿ ಮಾಡಿದ ರಾಗಿಸರಿಯಿಂದ ಅದು ದೇಹಕ್ಕೆ ಇನ್ನಷ್ಟು ಸುಲಭವಾಗಿ ದಕ್ಕುತ್ತದೆ. ಆದರೂ ಪ್ರೋಟೀನು, ಕೊಬ್ಬಿನ ವಿಷಯದಲ್ಲಿ ರಾಗಿಯೊಂದೇ ಹಾಲಿಗೆ ಸಮವಲ್ಲ. ಬೇಳೆ, ಮೊಟ್ಟೆ, ಸೊಪ್ಪು ಜೊತೆಗಿರಬೇಕು. ತೂಕ ಮತ್ತು ಎತ್ತರವನ್ನು ನಿಯಮಿತವಾಗಿ ಅಳತೆ ಮಾಡಿಸಬೇಕು.

ಕಡಲೆಕಾಯಿ (ಶೇಂಗಾ) ಅಲರ್ಜಿ ಇರುವ ಮನೆಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಎಣ್ಣೆಗಾಯಿ, ಚಟ್ನಿಪುಡಿ, ಚಿತ್ರಾನ್ನ, ಪುಳಿಯೋಗರೆ, ಸಂಕ್ರಾಂತಿಯ ಎಳ್ಳುಬೆಲ್ಲ ಎಲ್ಲದರಲ್ಲೂ ಅದು ಸೇರಿರುತ್ತದೆ. ಮದುವೆ ಮನೆಯ ಊಟ, ಬೇಕರಿ ತಿಂಡಿಗಳಲ್ಲಿ ಏನು ಬೆರೆತಿದೆ ಎಂದು ಕೇಳಿ ತಿಳಿದೇ ಕೊಡಬೇಕು.

ಪೊಟ್ಟಣದ ಆಹಾರದ ವಿಷಯದಲ್ಲಿ ಕಾನೂನಿನ ನೆರವಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳು ಎಂಟು ಬಗೆಯ ಅಲರ್ಜಿಕಾರಕಗಳನ್ನು ನಮೂದಿಸುವುದನ್ನು ಕಡ್ಡಾಯಗೊಳಿಸಿವೆ: ಗ್ಲುಟೆನ್ ಇರುವ ಧಾನ್ಯಗಳು, ಸಿಗಡಿ-ಏಡಿ ಜಾತಿಯವು, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಹಾಗೂ ಬಾದಾಮಿ-ಗೋಡಂಬಿಯಂಥ ಬೀಜಗಳು, ಸೋಯಾ ಮತ್ತು ಸಲ್ಫೈಟ್. ಪೊಟ್ಟಣದ ಹಿಂಬದಿಯಲ್ಲಿ ‘ಕೇಸೀನ್’, ‘ವೇ’, ‘ಹಾಲಿನ ಘನಾಂಶ’ ಎಂದಿದ್ದರೂ ಅದು ಹಾಲೇ ಎಂಬುದನ್ನು ಪೋಷಕರು ತಿಳಿದಿರಬೇಕು. ನಮ್ಮಲ್ಲಿ ಹೆಚ್ಚಾಗಿ ಬಳಸುವ ಎಳ್ಳು, ಸಾಸಿವೆ, ಕಡಲೆಬೇಳೆ ಈ ಎಂಟರ ಪಟ್ಟಿಗೆ ಸೇರಿರಲಿಲ್ಲ. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳಿನ ನಮೂದು ಕಡ್ಡಾಯವಾಗಿದೆ. ಇಂಥ ಪದಾರ್ಥಗಳಿಗೆ ಅಲರ್ಜಿ ಇರುವ ಮಕ್ಕಳ ಪೋಷಕರು ಅಲರ್ಜಿ ಸೂಚನೆಯನ್ನಷ್ಟೇ ನೆಚ್ಚದೆ ಘಟಕಾಂಶಗಳ ಪೂರ್ಣ ಪಟ್ಟಿಯನ್ನು ಓದಬೇಕು.

ಪ್ರಾಣ ಉಳಿಸುವ ಮದ್ದು ಅಡ್ರಿನಲಿನ್

ಎಷ್ಟೇ ಎಚ್ಚರ ವಹಿಸಿದರೂ ಆಕಸ್ಮಿಕಗಳು ತಪ್ಪುವುದಿಲ್ಲ. ಅಲರ್ಜಿಯು ಚರ್ಮವನ್ನು ಮೀರಿ ಉಸಿರಾಟಕ್ಕೆ, ರಕ್ತದೊತ್ತಡಕ್ಕೆ ತಾಗಿದರೆ ಅದನ್ನು ‘ಅನಾಫಿಲಾಕ್ಸಿಸ್’ ಎನ್ನುತ್ತಾರೆ. ಗಂಟಲು ಕಟ್ಟಿದಂತಾಗುವುದು, ದನಿ ಬದಲಾಗುವುದು, ಎಡೆಬಿಡದ ಕೆಮ್ಮು, ಉಬ್ಬಸ, ಮಗು ಬಿಳಿಚಿಕೊಂಡು ಸುಸ್ತಾಗಿ ಒರಗುವುದು ಅಪಾಯದ ಗುರುತುಗಳು.

ಮೈಮೇಲೆ ‘ಪಿತ್ತದ ಗಂಧೆ’ ಎದ್ದಾಗ ಕಂಬಳಿ ಹೊದಿಸಿ ಮಲಗಿಸುವ ರೂಢಿ ಈ ಭಾಗದ ಹಲವು ಮನೆಗಳಲ್ಲಿದೆ.  ಆದರೆ ಜೊತೆಗೆ ಉಸಿರಾಟದ ತೊಂದರೆ ಇದ್ದಾಗ ಕಂಬಳಿಯ ಕೆಳಗೆ ಕಳೆಯುವ ಪ್ರತಿ ನಿಮಿಷವೂ ಅಪಾಯಕಾರಿ. ಸೆಟ್ರಿಜಿನ್‌ನಂಥ ಅಲರ್ಜಿ ಮಾತ್ರೆಗಳೂ ತುರಿಕೆಯನ್ನಷ್ಟೇ ಕಡಿಮೆ ಮಾಡುತ್ತವೆ, ಮುಚ್ಚುತ್ತಿರುವ ಶ್ವಾಸನಾಳವನ್ನು ತೆರೆಯುವುದಿಲ್ಲ. ಆ ಕೆಲಸ ಮಾಡುವ ಮೊದಲ ಔಷಧ ಅಡ್ರಿನಲಿನ್.

ತೊಡೆಯ ಹೊರಭಾಗದ ಮಧ್ಯದಲ್ಲಿ, ಸ್ನಾಯುವಿಗೆ ಇದನ್ನು ಚುಚ್ಚಬೇಕು. ಮಗುವಿನ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ ಇದರ ಪ್ರಮಾಣ. ಅಂದರೆ 15 ಕಿಲೋ ತೂಕದ ಮಗುವಿಗೆ 0.15 ಮಿಲಿಗ್ರಾಂ. ಐದರಿಂದ ಹದಿನೈದು ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಎರಡನೆಯ ಬಾರಿ ಕೊಡಬೇಕಾಗುತ್ತದೆ. ಮಗುವನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಿ ಇಡಬೇಕು. ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ಕೂರಿಸಬಹುದು. ಎಬ್ಬಿಸಿ ನಡೆಸಬಾರದು. ಚೇತರಿಸಿಕೊಂಡ ಮೇಲೂ ಕೆಲವು ಗಂಟೆಗಳ ನಂತರ ಲಕ್ಷಣಗಳು ಮರುಕಳಿಸುವ ಸಾಧ್ಯತೆ ಇರುವುದರಿಂದ ಆಸ್ಪತ್ರೆಯಲ್ಲಿ ನಿಗಾ ಅಗತ್ಯ.

ವಿದೇಶಗಳಲ್ಲಿ ಇಂಥ ಮಕ್ಕಳ ಚೀಲದಲ್ಲಿ ಅಡ್ರಿನಲಿನ್ ತುಂಬಿದ ಸ್ವಯಂಚಾಲಿತ ಪೆನ್ ಇರುತ್ತದೆ. 2024ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ಮೂಗಿಗೆ ಸಿಂಪಡಿಸುವ ಅಡ್ರಿನಲಿನ್‌ಗೂ ಒಪ್ಪಿಗೆ ನೀಡಿತು. ನಮ್ಮ ಔಷಧ ಅಂಗಡಿಗಳಲ್ಲಿ ಪೆನ್ ಸುಲಭವಾಗಿ ದೊರೆಯುವ ವಸ್ತುವಲ್ಲ. ಆದರೆ ಗಾಜಿನ ಆಂಪ್ಯೂಲ್‌ನಲ್ಲಿ ಬರುವ ಅಡ್ರಿನಲಿನ್ ಅಗ್ಗದ ಔಷಧ. ಅದು ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಲಸಿಕೆ ಹಾಕುವ ಆರೋಗ್ಯ ಕಾರ್ಯಕರ್ತೆಯರ ತುರ್ತು ಕಿಟ್‌ನಲ್ಲಿಯೂ ಇರುತ್ತದೆ. ತೀವ್ರ ಅಲರ್ಜಿ ಇರುವ ಮಗುವಿನ ಪೋಷಕರಿಗೆ ಆಂಪ್ಯೂಲ್ ಮತ್ತು ಸಿರಿಂಜ್ ಬರೆದುಕೊಟ್ಟು, ಮಗುವಿನ ಪ್ರಮಾಣವನ್ನು ಗುರುತು ಮಾಡಿ, ಚುಚ್ಚುವ ವಿಧಾನವನ್ನು ವೈದ್ಯರು ಕಲಿಸಬಹುದು. ಔಷಧವನ್ನು ಬಿಸಿಲು, ಬೆಳಕಿನಿಂದ ದೂರ ಇಡಬೇಕು. ಅವಧಿ ಮುಗಿಯುವ ದಿನಾಂಕವನ್ನು ಆಗಾಗ ನೋಡಿಕೊಳ್ಳಬೇಕು.

ದೇವನೂರಿನಂಥ ಊರಿಗೆ ಇದು ಮತ್ತಷ್ಟು ಮುಖ್ಯ. ಇಲ್ಲಿಂದ ನಂಜನಗೂಡು ಅಥವಾ ತಿ. ನರಸೀಪುರದ ತಾಲ್ಲೂಕು ಆಸ್ಪತ್ರೆಗೆ, ಮಕ್ಕಳ ವಿಶೇಷ ಚಿಕಿತ್ಸೆ ಬೇಕಾದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಹೋಗಬೇಕು. 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆಗೆ ತಕ್ಷಣ ಕರೆ ಮಾಡಬೇಕು. ಆದರೆ ಅನಾಫಿಲಾಕ್ಸಿಸ್‌ನಲ್ಲಿ ಲೆಕ್ಕಕ್ಕೆ ಬರುವುದು ನಿಮಿಷಗಳು. ಮೈಸೂರಿನ ದೊಡ್ಡ ಆಸ್ಪತ್ರೆಯನ್ನು ಹುಡುಕಿ ಹೊರಡುವುದಕ್ಕಿಂತ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ಅಡ್ರಿನಲಿನ್ ಕೊಡಿಸಿ ಆಮೇಲೆ ಮುಂದಕ್ಕೆ ಹೋಗುವುದು ಸುರಕ್ಷಿತ.

ವಯಸ್ಸಿನೊಂದಿಗೆ ಮಾಯವಾಗುವ ಅಲರ್ಜಿ

ಪೋಷಕರಿಗೆ ಸಮಾಧಾನ ತರುವ ಸಂಗತಿಯೂ ಇದೆ. ಹಾಲು ಮತ್ತು ಮೊಟ್ಟೆಯ ಅಲರ್ಜಿ ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತಾ ಹೋದಂತೆ ತಾನಾಗಿಯೇ ಕಡಿಮೆಯಾಗುತ್ತದೆ. ಕಡಲೆಕಾಯಿ ಅಲರ್ಜಿಯಿಂದ ಹೀಗೆ ಹೊರಬರುವವರು ಸುಮಾರು ಐವರಲ್ಲಿ ಒಬ್ಬರು. ಹೀಗಾಗಿ ಒಮ್ಮೆ ಹೇರಿದ ಪಥ್ಯ ಜೀವನಪರ್ಯಂತ ಎಂದು ಭಾವಿಸದೆ ವರ್ಷಕ್ಕೊಮ್ಮೆ ಮರುಪರಿಶೀಲನೆ ಮಾಡಿಸಬೇಕು.

ಹಸಿ ಹಾಲು, ಬೇಯಿಸಿದ ಮೊಟ್ಟೆ ಒಗ್ಗದ ಮಕ್ಕಳಲ್ಲಿ ಬಹಳಷ್ಟು ಮಂದಿ, ಹಿಟ್ಟಿನೊಂದಿಗೆ ಬೆರೆಸಿ ಒಲೆಯ ಹೆಚ್ಚು ಶಾಖದಲ್ಲಿ ಸುಟ್ಟ ಬಿಸ್ಕತ್ತು, ಕೇಕ್ ರೂಪದಲ್ಲಿ ಅದನ್ನು ತಾಳಿಕೊಳ್ಳುತ್ತಾರೆ. ಶಾಖಕ್ಕೆ ಪ್ರೋಟೀನಿನ ಆಕಾರ ಬದಲಾಗುವುದೇ ಇದಕ್ಕೆ ಕಾರಣ. ಇದನ್ನು ಆಧರಿಸಿ ಬಿಸ್ಕತ್ತಿನಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಹಾಲಿನವರೆಗೆ ತಲುಪುವ ‘ಏಣಿ’ ಪದ್ಧತಿಯನ್ನು ವೈದ್ಯರು ಬಳಸುತ್ತಾರೆ. ಹಿಂದೆ ತೀವ್ರ ಪ್ರತಿಕ್ರಿಯೆ ಆಗಿರುವ ಅಥವಾ ಆಸ್ತಮಾ ಹತೋಟಿಯಲ್ಲಿಲ್ಲದ ಮಕ್ಕಳಲ್ಲಿ ಇದನ್ನು ಮನೆಯಲ್ಲಿ ಮಾಡುವಂತಿಲ್ಲ.

ತಿಂದೇ ಒಗ್ಗಿಸಿಕೊಳ್ಳುವ ಚಿಕಿತ್ಸೆ

ಅಲರ್ಜಿ ಉಂಟುಮಾಡುವ ಆಹಾರವನ್ನೇ ಮಿಲಿಗ್ರಾಂ ಲೆಕ್ಕದಲ್ಲಿ ಪ್ರತಿದಿನ ಕೊಟ್ಟು, ತಿಂಗಳುಗಟ್ಟಲೆ ನಿಧಾನವಾಗಿ ಹೆಚ್ಚಿಸುತ್ತಾ ದೇಹವನ್ನು ಒಗ್ಗಿಸುವ ವಿಧಾನಕ್ಕೆ ಓರಲ್ ಇಮ್ಯುನೊಥೆರಪಿ ಎಂದು ಹೆಸರು. ಈ ಬಗೆಯ ಔಷಧಗಳಲ್ಲಿ ಮೊದಲನೆಯದಾಗಿ, ಕಡಲೆಕಾಯಿ ಪುಡಿಯಿಂದ ತಯಾರಿಸಿದ ‘ಪಾಲ್‌ಫೋರ್ಜಿಯಾ’ಕ್ಕೆ ಎಫ್‌ಡಿಎ 2020ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಅರ್ಧ ಮಿಲಿಗ್ರಾಂನಿಂದ ಆರಂಭಿಸಿ 300 ಮಿಲಿಗ್ರಾಂ, ಅಂದರೆ ಸುಮಾರು ಒಂದು ಕಡಲೆಕಾಯಿ ಬೀಜದಷ್ಟು ಪ್ರೋಟೀನನ್ನು ದಿನವೂ ತಿನ್ನುವ ಹಂತಕ್ಕೆ ತಲುಪುವುದು ಇದರ ಕ್ರಮ. ಅನುಮೋದನೆಗೆ ಆಧಾರವಾದ ಪರೀಕ್ಷೆಯಲ್ಲಿ ಚಿಕಿತ್ಸೆ ಪಡೆದ ಶೇ 67 ಮಕ್ಕಳು 600 ಮಿಲಿಗ್ರಾಂ ಪ್ರೋಟೀನನ್ನು ತಾಳಿಕೊಂಡರು. ಔಷಧವಿಲ್ಲದ ಪುಡಿ ಪಡೆದವರಲ್ಲಿ ಈ ಪ್ರಮಾಣ ಶೇ 4.

ಇದರ ಉದ್ದೇಶ ಮಗುವಿಗೆ ಚಿಕ್ಕಿ ತಿನ್ನಿಸುವುದಲ್ಲ. ಅರಿವಿಲ್ಲದೆ ಒಂದೆರಡು ಬೀಜ ಬಾಯಿಗೆ ಬಿದ್ದಾಗ ಅಪಾಯವಾಗದಂತೆ ತಡೆಯುವುದು. ಡೋಸ್ ನಿಲ್ಲಿಸಿದರೆ ಬಹುತೇಕರಲ್ಲಿ ರಕ್ಷಣೆ ಕುಗ್ಗುತ್ತದೆ. ಜ್ವರ ಬಂದಾಗ, ಡೋಸ್ ತೆಗೆದುಕೊಂಡ ಕೂಡಲೇ ಓಡಿ ಆಡಿದಾಗ ಪ್ರತಿಕ್ರಿಯೆ ಕಾಣಿಸಿಕೊಳ್ಳಬಹುದು. 12 ಪರೀಕ್ಷೆಗಳ 1,041 ರೋಗಿಗಳ ಮಾಹಿತಿಯನ್ನು ಕ್ರೋಡೀಕರಿಸಿ 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಕಡಲೆಕಾಯಿಗೆ ಈ ಚಿಕಿತ್ಸೆ ಪಡೆದವರಲ್ಲಿ ಅನಾಫಿಲಾಕ್ಸಿಸ್ ಶೇ 22ರಷ್ಟಿದ್ದರೆ, ಬರೀ ತ್ಯಜಿಸಿದವರಲ್ಲಿ ಶೇ 7 ಇತ್ತು. ಅಂದರೆ ರಕ್ಷಣೆಗಾಗಿ ಪಡೆಯುವ ಚಿಕಿತ್ಸೆಯಲ್ಲೇ ಒಂದಿಷ್ಟು ಅಪಾಯವನ್ನೂ ಒಪ್ಪಿಕೊಳ್ಳಬೇಕು.

ಎಳೆಯ ವಯಸ್ಸಿನಲ್ಲಿ ಆರಂಭಿಸಿದರೆ ಫಲ ಹೆಚ್ಚು ಎಂಬ ಸೂಚನೆಗಳಿವೆ. ಒಂದರಿಂದ ಮೂರು ವರ್ಷದ ಮಕ್ಕಳ ಬಗೆಗಿನ ಅಮೆರಿಕದ ಅಧ್ಯಯನದಲ್ಲಿ (2022) ಶೇ 71 ಮಕ್ಕಳು ಒಗ್ಗಿಸಿಕೊಂಡರು. ಚಿಕಿತ್ಸೆ ನಿಲ್ಲಿಸಿದ ಆರು ತಿಂಗಳ ನಂತರವೂ ಶೇ 21 ಮಕ್ಕಳಲ್ಲಿ ರಕ್ಷಣೆ ಉಳಿದಿತ್ತು.

ನಂಜನಗೂಡಿನಲ್ಲಿ ಕಾರ್ಖಾನೆ ಹೊಂದಿರುವ ನೆಸ್ಲೆ ಸಮೂಹವು ಪಾಲ್‌ಫೋರ್ಜಿಯಾ ತಯಾರಿಸಿದ ಕಂಪನಿಯನ್ನು 2020ರಲ್ಲಿ ಖರೀದಿಸಿತ್ತು. ವೈದ್ಯರು ಮತ್ತು ರೋಗಿಗಳು ನಿರೀಕ್ಷಿಸಿದಷ್ಟು ವೇಗವಾಗಿ ಇದನ್ನು ಸ್ವೀಕರಿಸಲಿಲ್ಲ. 2023ರಲ್ಲಿ ಆ ಔಷಧವನ್ನು ನೆಸ್ಲೆ ಬೇರೊಂದು ಕಂಪನಿಗೆ ಮಾರಿತು. ಚಿಕಿತ್ಸೆ ಪರಿಣಾಮಕಾರಿ ಎಂದ ಮಾತ್ರಕ್ಕೆ ಎಲ್ಲ ಕುಟುಂಬಗಳಿಗೂ ಅದು ಹೊಂದುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಒಮಾಲಿಜುಮಾಬ್ ಚುಚ್ಚುಮದ್ದು

2024ರ ಫೆಬ್ರುವರಿಯಲ್ಲಿ ಎಫ್‌ಡಿಎ, ಒಂದು ವರ್ಷ ಮೇಲ್ಪಟ್ಟ ಆಹಾರ ಅಲರ್ಜಿ ರೋಗಿಗಳಿಗೆ ಒಮಾಲಿಜುಮಾಬ್ ಬಳಸಲು ಅನುಮತಿಸಿತು. ರಕ್ತದಲ್ಲಿರುವ ಐಜಿಇಯನ್ನೇ ಹಿಡಿದು ನಿಷ್ಕ್ರಿಯಗೊಳಿಸುವುದರಿಂದ ಒಂದೇ ಔಷಧ ಹಲವು ಆಹಾರಗಳ ಅಲರ್ಜಿಗೆ ತಡೆಯಾಗುತ್ತದೆ. ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಇದನ್ನು ಚುಚ್ಚಿಸಿಕೊಳ್ಳಬೇಕು. ಅನುಮೋದನೆಗೆ ಆಧಾರವಾದ ಅಧ್ಯಯನದಲ್ಲಿ ಔಷಧ ಪಡೆದ 118 ಮಕ್ಕಳು ಮತ್ತು ಹದಿಹರೆಯದವರಲ್ಲಿ 79 ಮಂದಿ 600 ಮಿಲಿಗ್ರಾಂ ಕಡಲೆಕಾಯಿ ಪ್ರೋಟೀನನ್ನು ತಾಳಿಕೊಂಡರು. ಔಷಧವಿಲ್ಲದ ಚುಚ್ಚುಮದ್ದು ಪಡೆದ 59 ಮಂದಿಯಲ್ಲಿ ಹೀಗಾದದ್ದು ನಾಲ್ವರಿಗೆ ಮಾತ್ರ.

ಭಾರತದಲ್ಲಿ ಈ ಔಷಧ ಆಸ್ತಮಾ ಮತ್ತು ದೀರ್ಘಕಾಲದ ಪಿತ್ತದ ಗಂಧೆಗೆ ಬಳಕೆಯಲ್ಲಿದೆ. ಬೆಲೆ ದುಬಾರಿ. ಪಥ್ಯವನ್ನು ಕೈಬಿಡುವಂತಿಲ್ಲ, ಅಡ್ರಿನಲಿನ್ ಜೊತೆಗಿರಲೇಬೇಕು. ಪ್ರತಿಕ್ರಿಯೆ ಆರಂಭವಾದ ಮೇಲೆ ಕೊಡುವ ತುರ್ತು ಔಷಧವೂ ಇದಲ್ಲ. ಚರ್ಮಕ್ಕೆ ಅಂಟಿಸುವ ಕಡಲೆಕಾಯಿ ಪ್ರೋಟೀನಿನ ಪಟ್ಟಿಯ ಬಗ್ಗೆಯೂ ಅಧ್ಯಯನಗಳು ನಡೆದಿವೆ. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಂದರಿಂದ ಮೂರು ವರ್ಷದ ಮಕ್ಕಳ ಪೈಕಿ ಶೇ 67ರಲ್ಲಿ ಸುಧಾರಣೆ ಕಂಡುಬಂತು. ಬರೀ ಪಟ್ಟಿ ಧರಿಸಿದವರಲ್ಲಿ ಇದು ಶೇ 33.5 ಇತ್ತು.

ತಡೆಯಲು ಸಾಧ್ಯವೇ?

ಚಿಕಿತ್ಸೆಗಿಂತ ದೊಡ್ಡ ಬದಲಾವಣೆ ಆಗಿರುವುದು ತಡೆಯುವ ವಿಷಯದಲ್ಲಿ. ಅಲರ್ಜಿಯ ಅಪಾಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಕೊಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2000ದಲ್ಲಿ ಸಲಹೆ ಮಾಡಿತ್ತು. ಆಧಾರ ಸಾಲದೆಂದು 2008ರಲ್ಲಿ ಅದನ್ನು ಕೈಬಿಟ್ಟಿತು. ಬ್ರಿಟನ್ನಿನ ಯಹೂದಿ ಮಕ್ಕಳಿಗಿಂತ, ಎಳವೆಯಲ್ಲೇ ಕಡಲೆಕಾಯಿ ತಿಂಡಿ ತಿನ್ನುವ ಇಸ್ರೇಲಿನ ಮಕ್ಕಳಲ್ಲಿ ಈ ಅಲರ್ಜಿ ಬಹಳ ಕಡಿಮೆ ಇರುವುದನ್ನು ಲಂಡನ್ನಿನ ಪ್ರೊ. ಗಿಡಿಯನ್ ಲ್ಯಾಕ್ ತಂಡ ಗಮನಿಸಿತು. ಬಳಿಕ 640 ಶಿಶುಗಳ ಮೇಲೆ ನಡೆಸಿದ ‘ಲೀಪ್’ ಅಧ್ಯಯನದ ಫಲಿತಾಂಶ 2015ರಲ್ಲಿ ಹೊರಬಂತು. ಆರಂಭದಲ್ಲಿ ಚರ್ಮ ಪರೀಕ್ಷೆ ‘ನೆಗೆಟಿವ್’ ಇದ್ದ ಶಿಶುಗಳ ಪೈಕಿ, ಕಡಲೆಕಾಯಿಯಿಂದ ದೂರ ಇಟ್ಟವರಲ್ಲಿ ಶೇ 13.7 ಮಕ್ಕಳಿಗೆ ಐದನೇ ವಯಸ್ಸಿನಲ್ಲಿ ಅಲರ್ಜಿ ಇತ್ತು. ತಿನ್ನಿಸಿದವರಲ್ಲಿ ಶೇ 1.9 ಮಾತ್ರ. ಈ ರಕ್ಷಣೆ ಹದಿಹರೆಯದವರೆಗೂ ಉಳಿದಿದೆ ಎಂದು 2024ರ ಮುಂದುವರಿದ ಅಧ್ಯಯನ ತಿಳಿಸಿತು.

ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು, ಆಮೇಲೆ ಮನೆಯ ಊಟದ ಬಗೆಬಗೆಯ ಪದಾರ್ಥಗಳನ್ನು ಒಂದೊಂದಾಗಿ ಪರಿಚಯಿಸುವುದು ನಮ್ಮಲ್ಲಿ ಅನುಸರಿಸಬಹುದಾದ ಕ್ರಮ. ರಾಗಿಸರಿಯ ಜೊತೆ ಬೇಳೆ, ಮೊಟ್ಟೆ, ನುಣ್ಣಗೆ ಅರೆದ ಕಡಲೆಕಾಯಿ ಸೇರಿಸಬಹುದು. ಇಡೀ ಬೀಜವನ್ನು ಐದು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಅದು ಶ್ವಾಸನಾಳಕ್ಕೆ ಸಿಲುಕುವ ಅಪಾಯವಿದೆ. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಈಗಾಗಲೇ ಇರುವ ಶಿಶುವಿಗೆ ಕಡಲೆಕಾಯಿ ಆರಂಭಿಸುವ ಮೊದಲು ವೈದ್ಯರನ್ನು ಕಾಣಬೇಕು.

ಶಾಲೆಯ ಊಟದ ಪ್ರಶ್ನೆ

ರಾಜ್ಯದ ಸರ್ಕಾರಿ ಶಾಲೆಗಳ ಮಕ್ಕಳಿಗೆ 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯದಡಿ 150 ಮಿಲಿಲೀಟರ್ ಹಾಲು ಸಿಗುತ್ತದೆ. ಮೊಟ್ಟೆ ವಿತರಣೆ 2022ರಲ್ಲಿ ರಾಜ್ಯವ್ಯಾಪಿಯಾಯಿತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ 2024ರಲ್ಲಿ ವಾರಕ್ಕೆ ಆರು ದಿನಕ್ಕೆ ವಿಸ್ತರಣೆಗೊಂಡಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣಿನ ಆಯ್ಕೆ ಇದೆ. ಅಪೌಷ್ಟಿಕತೆಯ ವಿರುದ್ಧ ಇವು ಮಹತ್ವದ ಕಾರ್ಯಕ್ರಮಗಳು. ಸಾವಿರಕ್ಕೆ ಒಬ್ಬಿಬ್ಬರ ಅಲರ್ಜಿಯ ನೆಪದಲ್ಲಿ ಉಳಿದವರ ಹಾಲು, ಮೊಟ್ಟೆಗೆ ಕತ್ತರಿ ಹಾಕುವುದು ಸರಿಯಲ್ಲ. ಆ ಒಬ್ಬ ಮಗುವಿಗೆ ಬೇಕಾದುದು ಪ್ರತ್ಯೇಕ ವ್ಯವಸ್ಥೆ.

ಶಾಲೆಯ ಆಯ್ಕೆಯ ಪದ್ಧತಿ ಸಾಮಾನ್ಯವಾಗಿ ಆಚಾರ, ರುಚಿಯನ್ನು ಆಧರಿಸಿದೆ. ಕಾಯಿಲೆಯ ಕಾರಣಕ್ಕೆ ಬೇಡವೆನ್ನುವ ಮಗುವಿನ ವಿಷಯ ಬೇರೆ. ಸಾರಿನಲ್ಲಿ, ಉಪ್ಪಿಟ್ಟಿನಲ್ಲಿ ಬೆರೆತ ಅಂಶವೂ ಆ ಮಗುವಿಗೆ ಮುಖ್ಯ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅದರ ಮೂಲ ಪಟ್ಟಿಯ 30 ಸ್ಥಿತಿಗಳಲ್ಲಿ ಚರ್ಮದ ತೊಂದರೆ, ಉಬ್ಬಸ ಇವೆ. ಆಹಾರ ಅಲರ್ಜಿ ಪ್ರತ್ಯೇಕವಾಗಿ ಇಲ್ಲ. ಆದ್ದರಿಂದ ಪೋಷಕರೇ ಮುಂದಾಗಿ ವೈದ್ಯರ ಪತ್ರದ ಪ್ರತಿಯನ್ನು ಮುಖ್ಯ ಶಿಕ್ಷಕರಿಗೆ ಮತ್ತು ಅಡುಗೆ ಸಿಬ್ಬಂದಿಗೆ ಕೊಡಬೇಕಾಗುತ್ತದೆ.

ಪೋಷಕರ ಗಮನಕ್ಕೆ

* ವರದಿ ಒಂದನ್ನೇ ನಂಬಿ ಆಹಾರ ಬಿಡಿಸಬೇಡಿ. ಮಗು ಈಗಾಗಲೇ ತೊಂದರೆಯಿಲ್ಲದೆ ತಿನ್ನುತ್ತಿರುವ ಪದಾರ್ಥವನ್ನು ಮುಂದುವರಿಸಿ.

* ಬಿಡಿಸಬೇಕಾದರೆ ಯಾವುದನ್ನು, ಎಷ್ಟು ಕಾಲ, ಬದಲಿಗೆ ಏನು ಎಂಬ ಮೂರೂ ಪ್ರಶ್ನೆಗಳಿಗೆ ವೈದ್ಯರಿಂದ ಉತ್ತರ ಪಡೆಯಿರಿ.

* ಆಸ್ತಮಾ ಇದ್ದರೆ ಅದರ ಔಷಧವನ್ನು ತಪ್ಪಿಸಬೇಡಿ. ಆಸ್ತಮಾ ಹತೋಟಿಯಲ್ಲಿಲ್ಲದ ಮಕ್ಕಳಲ್ಲಿ ಆಹಾರ ಅಲರ್ಜಿ ಹೆಚ್ಚು ತೀವ್ರವಾಗಬಹುದು.

* ಮೊಟ್ಟೆಯ ಅಲರ್ಜಿ ಇದೆ ಎಂಬ ಕಾರಣಕ್ಕೆ ದಡಾರ-ರುಬೆಲ್ಲಾ ಲಸಿಕೆ ತಪ್ಪಿಸುವ ಅಗತ್ಯವಿಲ್ಲ.

* ತುರ್ತು ಯೋಜನೆಯನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆಸಿ ಮನೆ, ಶಾಲೆ, ಅಜ್ಜಿಯ ಮನೆ ಎಲ್ಲ ಕಡೆ ಇಡಿ. ಅಲರ್ಜಿ ಇರುವ ಆಹಾರ, ಅಪಾಯದ ಗುರುತುಗಳು, ಅಡ್ರಿನಲಿನ್ ಪ್ರಮಾಣ, ಹತ್ತಿರದ ಆರೋಗ್ಯ ಕೇಂದ್ರ, 108 ಅದರಲ್ಲಿರಲಿ.

* ತೀವ್ರ ಪ್ರತಿಕ್ರಿಯೆ ಆಗಿ ಆಸ್ಪತ್ರೆಯಿಂದ ಮನೆಗೆ ಮರಳುವಾಗ, ಮುಂದಿನ ಬಾರಿ ಹೀಗಾದರೆ ಮನೆಯಲ್ಲಿ ಏನು ಮಾಡಬೇಕು ಎಂದು ಕೇಳದೆ ಹೊರಡಬೇಡಿ.

ದುಬಾರಿ ಚುಚ್ಚುಮದ್ದು, ವರ್ಷಗಟ್ಟಲೆ ನಡೆಯುವ ಒಗ್ಗಿಸುವ ಚಿಕಿತ್ಸೆ ಸದ್ಯಕ್ಕೆ ಎಲ್ಲ ಕುಟುಂಬಗಳ ಕೈಗೆಟುಕುವುದಿಲ್ಲ. ಆದರೆ ಸರಿಯಾದ ವಿಚಾರಣೆ, ಖಚಿತ ಪತ್ತೆ, ಅಗತ್ಯವಿದ್ದಷ್ಟೇ ಪಥ್ಯ ಮತ್ತು ಒಂದು ಆಂಪ್ಯೂಲ್ ಅಡ್ರಿನಲಿನ್ ದೇವನೂರಿನ ಮಗುವಿಗೂ ಬೆಂಗಳೂರಿನ ಮಗುವಿಗೂ ಸಮಾನವಾಗಿ ದೊರಕಬಹುದಾದ ಚಿಕಿತ್ಸೆ. ಬಹುಪಾಲು ಮಕ್ಕಳಿಗೆ ಅಷ್ಟು ಸಾಕಾಗುತ್ತದೆ.